ಬಂದೂಕಿಗಿಂತ ಗುಂಡಿನ ಲೆಕ್ಕ ಮುಖ್ಯ

ಸೇನೆಯಲ್ಲಿ ಮಿಕ್ಕ ಟ್ರೇಸರ್ ಗುಂಡುಗಳನ್ನು ಅಮೆರಿಕದ ಹಲವು ರಾಜ್ಯಗಳಲ್ಲಿ ನಾಗರಿಕರೂ ಕೊಂಡು ಬಳಸುತ್ತಾರೆ. ನಮ್ಮಲ್ಲಿ ಅದಕ್ಕೆ ಆಸ್ಪದವಿಲ್ಲ, ಇರಲೂಬಾರದು. ಗುಂಡಿನ ಹಿಂಬದಿಯಲ್ಲಿ ಉರಿಯುವ ಮೆಗ್ನೀಸಿಯಂ, ಸ್ಟ್ರಾನ್ಷಿಯಂ ಮಿಶ್ರಣವು ನೆಲ ಮುಟ್ಟಿದ ಮೇಲೂ ಆರದಿರಬಹುದು. ಹೇಮಗುಡ್ಡದ ಬೇಸಿಗೆಯ ಒಣಹುಲ್ಲು ಹೊತ್ತಿಕೊಳ್ಳಲು ಅಷ್ಟು ಸಾಕು.

ಸೇನೆಯ ಗುಂಡು ಹೊಂದದಿರಲೆಂದೇ ನಾಗರಿಕ ರೈಫಲ್‌ಗೆ .315 ಬೋರ್ ಬಂದಿತು. ಬ್ರಿಟಿಷರ ಅಪನಂಬಿಕೆಯಿಂದ ನಮಗಾದ ಅಪರೂಪದ ಉಪಕಾರವಿದು! ಆದರೆ ಬೋರ್ ಒಂದೇ ಬೇಲಿಯಾಗದು. 2010ರಲ್ಲಿ ಉತ್ತರ ಪ್ರದೇಶದ ರಾಂಪುರದಲ್ಲಿ ಬಯಲಾದ ಕಾಡತೂಸು ಹಗರಣದಲ್ಲಿ ಭದ್ರತಾ ಪಡೆಗಳ ಉಗ್ರಾಣವೇ ಸೋರಿತ್ತು. 24 ಮಂದಿಗೆ ಶಿಕ್ಷೆಯಾದದ್ದು 2023ರಲ್ಲಿ.

ಪರವಾನಗಿಯಲ್ಲಿ ವರ್ಷಕ್ಕೆ ಕೊಳ್ಳಬಹುದಾದ ಗುಂಡುಗಳ ಮಿತಿ ನಮೂದಾಗಿರುತ್ತದೆ. ನವೀಕರಣದ ವೇಳೆ ಕೊಪ್ಪಳದ ಜಿಲ್ಲಾಡಳಿತವು ಬಂದೂಕನ್ನು ನೋಡಿ ಸುಮ್ಮನಾಗದೆ, ಖರ್ಚಾದ ಪ್ರತಿ ಗುಂಡಿನ ಲೆಕ್ಕವನ್ನೂ ಕೇಳಲಿ.