ನೊರೆ ಬರದಿದ್ದರೆ ಡಿಟರ್ಜೆಂಟ್ ನಕಲಿಯೇ? ನೊರೆ ಬಂದರೆ ನೀರು ಶುದ್ಧವೇ?

ಬಕೆಟ್‌ಗೆ ಎಷ್ಟು ಪೌಡರ್ ಹಾಕಿದರೂ ನೊರೆ ಏಳುತ್ತಿಲ್ಲವೇ? ‘ಹಾಗಾದರೆ ಪೌಡರ್ ನಕಲಿ’, ‘ನೀರಿನಲ್ಲಿ ಕೆಮಿಕಲ್ ಇದೆ, ಕುಡಿಯಬೇಡಿ’ ಎಂಬಂಥ ಮಾತುಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುಲಭವಾಗಿ ಹರಡುತ್ತವೆ. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: ‘ಸೋಪಿಗೆ ಚೆನ್ನಾಗಿ ನೊರೆ ಬರುವ ನೀರು ಕುಡಿಯಲು ಒಳ್ಳೆಯದು’. ಇವು ಎಷ್ಟು ನಿಜ? ನಾವು ಇಲ್ಲಿ ಒಂದೊಂದಾಗಿ ನೋಡೋಣ.

ನೀರು ಗಡಸಾಗುವುದು ಹೇಗೆ?

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಭಾಗವನ್ನೇ ತೆಗೆದುಕೊಳ್ಳಿ. ಇಲ್ಲಿನ ಕಪ್ಪು ಮಣ್ಣಿನ ಕೆಳಗಿರುವುದು ಬಸಾಲ್ಟ್, ಅಂದರೆ ಕೋಟ್ಯಂತರ ವರ್ಷಗಳ ಹಿಂದೆ ಲಾವಾರಸ ತಣ್ಣಗಾಗಿ ಉಂಟಾದ ಕಲ್ಲು. ಜೇವರ್ಗಿ ಕಡೆಗೆ ಹೋದರೆ ಸುಣ್ಣದ ಕಲ್ಲು ಸಿಗುತ್ತದೆ. ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅದೇ ಜಾತಿಯದು. ಮಳೆ ನೀರು ಗಾಳಿ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಅದು ಈ ಕಲ್ಲುಗಳ ಸಂದಿಯಲ್ಲಿ ಇಳಿಯುತ್ತಾ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಕರಗಿಸಿಕೊಳ್ಳುತ್ತದೆ. ಈ ಎರಡು ಅಂಶ ಹೆಚ್ಚಿರುವ ನೀರೇ ಗಡಸು ನೀರು. ಹಾಗಾಗಿ ಮಳೆ ನೀರಿಗೆ ಗಡಸುತನ ಇರುವುದಿಲ್ಲವೆನ್ನುವಷ್ಟು ಕಡಿಮೆ, ಬೋರ್‌ವೆಲ್ ನೀರಿಗೆ ಸಾಮಾನ್ಯವಾಗಿ ಹೆಚ್ಚು.

ನೊರೆ ಎಲ್ಲಿಗೆ ಹೋಗುತ್ತದೆ?

ಸೋಪು ಎಣ್ಣೆಯಿಂದ ತಯಾರಾಗುವ ಸೋಡಿಯಂ ಲವಣ. ಗಡಸು ನೀರಿಗೆ ಬಿದ್ದ ಕೂಡಲೇ ಕ್ಯಾಲ್ಸಿಯಂ ಅದನ್ನು ಹಿಡಿದು, ನೀರಿನಲ್ಲಿ ಕರಗದ ಬಿಳಿ ಜಿಡ್ಡನ್ನಾಗಿ ಮಾಡುತ್ತದೆ. ಬಕೆಟ್ ಅಂಚಿಗೆ ಅಂಟುವುದು, ಬಟ್ಟೆಯನ್ನು ಮಂಕಾಗಿಸುವುದು ಇದೇ ಜಿಡ್ಡು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಗಿಯುವವರೆಗೆ ನಿಲ್ಲುವ ನೊರೆ ಬರುವುದಿಲ್ಲ.

ಒಂದು ಲೆಕ್ಕ ನೋಡಿ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ 15 ಲೀಟರ್ ನೀರು ಇದೆ ಎಂದುಕೊಳ್ಳೋಣ. ಆ ಗಡಸುತನವನ್ನು ಸೋಪಿನಿಂದಲೇ ಕಳೆಯುವುದಾದರೆ ಸುಮಾರು 27 ಗ್ರಾಂ ಸೋಪು ಬೇಕು. ಅಷ್ಟೂ ಸೋಪು ಕೊಳೆ ಮುಟ್ಟುವ ಮೊದಲೇ ವ್ಯರ್ಥ!

ಡಿಟರ್ಜೆಂಟ್ ಪೌಡರ್‌ನಲ್ಲಿರುವುದು ಬೇರೆ ರಾಸಾಯನಿಕ. ಅದು ಕ್ಯಾಲ್ಸಿಯಂ ಜೊತೆ ಸೋಪಿನಂತೆ ಸುಲಭವಾಗಿ ಜಿಡ್ಡಾಗುವುದಿಲ್ಲ. ಜೊತೆಗೆ ಗಡಸುತನ ತಗ್ಗಿಸಲು ಪೌಡರ್‌ಗೆ ಸೋಡಾ ಮುಂತಾದವನ್ನು ಸೇರಿಸಿರುತ್ತಾರೆ. ಆದರೂ ನೀರು ತೀರಾ ಗಡಸಾಗಿದ್ದರೆ ಇದರ ನೊರೆಯೂ ಕಡಿಮೆಯಾಗುತ್ತದೆ.

ನೊರೆ ಕಡಿಮೆ ಎಂದರೆ ಪೌಡರ್ ನಕಲಿಯೇ?

ಹಾಗೆ ಹೇಳಲಾಗದು. ಕೊಳೆ ತೆಗೆಯುವುದು ನೀರಿನಲ್ಲಿ ಕರಗಿದ ಡಿಟರ್ಜೆಂಟ್, ಮೇಲೆ ತೇಲುವ ಗುಳ್ಳೆಗಳಲ್ಲ. ಫ್ರಂಟ್ ಲೋಡ್ ವಾಷಿಂಗ್ ಮಷಿನ್‌ನ ಪೌಡರ್‌ಗಳಲ್ಲಿ ಬೇಕೆಂದೇ ನೊರೆ ಕಡಿಮೆ ಇಟ್ಟಿರುತ್ತಾರೆ.

ಮನೆಯಲ್ಲೇ ಪರೀಕ್ಷಿಸಿ. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಒಂದಕ್ಕೆ ಮಳೆ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ಹಾಕಿ. ಎರಡಕ್ಕೂ ಒಂದೇ ಪ್ಯಾಕೆಟ್‌ನ ಪೌಡರ್ ಸಮನಾಗಿ ಹಾಕಿ ಕುಲುಕಿ. ಮಳೆ ನೀರಿನಲ್ಲಿ ನೊರೆ ಬಂದು ಬೋರ್ ನೀರಿನಲ್ಲಿ ಬರದಿದ್ದರೆ, ವ್ಯತ್ಯಾಸ ಇರುವುದು ನೀರಿನಲ್ಲಿ. ಪೌಡರ್ ಬದಲು ಸೋಪಿನ ತುರಿ ಹಾಕಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡ್‌ನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ ನೀರಿನ ಗಡಸುತನ ಅಳೆದದ್ದೂ ಸೋಪಿನ ನೊರೆಯಿಂದಲೇ.

ಗಡಸು ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯದಿರುವುದಕ್ಕೂ ಇದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾರಣ. ತಪ್ಪು ಬೇಳೆಯದ್ದೇ ಆಗಬೇಕಿಲ್ಲ.

ಗಡಸು ನೀರು ವಿಷವೇ?

ಅಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ದೇಹಕ್ಕೂ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣಕ್ಕಾಗಿ ಗಡಸುತನಕ್ಕೆ ಮಿತಿ ಹಾಕಿಲ್ಲ. ಭಾರತದ ಕುಡಿಯುವ ನೀರಿನ ಮಾನದಂಡದಲ್ಲಿ (ಐಎಸ್ 10500) ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಅವಕಾಶವಿದೆ.

ನೊರೆ ಬರುವ ನೀರು ಸುರಕ್ಷಿತವೇ?

ಇದನ್ನು ನಂಬಿದರೆ ಅಪಾಯ. ನೊರೆಯಿಂದ ಗೊತ್ತಾಗುವುದು ಗಡಸುತನ ಮಾತ್ರ. ಫ್ಲೋರೈಡ್, ನೈಟ್ರೇಟ್, ರೋಗಾಣುಗಳ ಬಗ್ಗೆ ಅದು ಏನೂ ಹೇಳದು. ಅಷ್ಟೇ ಅಲ್ಲ, ಅಂತರ್ಜಲದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡ್ ಜೊತೆ ಸೇರಿ ಕೆಳಗೆ ಕೂರಬಲ್ಲದು. ಕ್ಯಾಲ್ಸಿಯಂ ಕಡಿಮೆ ಇರುವ ಮೆದು ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ಉಳಿಯುತ್ತದೆ. ಅಂದರೆ ಭರ್ಜರಿ ನೊರೆ ಕೊಡುವ ಬೋರ್‌ವೆಲ್‌ನಲ್ಲೇ ಫ್ಲೋರೈಡ್ ಹೆಚ್ಚಿರಲೂಬಹುದು. ಉತ್ತರ ಕರ್ನಾಟಕದ ಹಲವು ಕಡೆ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಗಳಿವೆ. ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡಬಹುದು, ಪ್ರಮಾಣ ತೀರಾ ಹೆಚ್ಚಿದ್ದರೆ ಮೂಳೆ, ಕೀಲುಗಳಿಗೂ ತೊಂದರೆಯಾಗಬಹುದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಏನು ಮಾಡಬಹುದು?

• ಬಟ್ಟೆಗೆ: ನೀರಿಗೆ ಮೊದಲು ಒಂದೆರಡು ಚಮಚ ವಾಷಿಂಗ್ ಸೋಡಾ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಪೌಡರ್ ಹಾಕಿ. ರೇಷ್ಮೆ, ಉಣ್ಣೆ ಬಟ್ಟೆಗೆ ಇದು ಬೇಡ. ಕೈಗೆ ಉರಿ ಬರಬಹುದು, ಎಚ್ಚರ. ಇದು ಅಡುಗೆ ಸೋಡಾ ಅಲ್ಲ, ಕುಡಿಯುವ ನೀರಿಗೆ ಹಾಕಲೇಬಾರದು.
• ಪಟಿಕದಿಂದ ಗಡಸುತನ ಹೋಗುವುದಿಲ್ಲ. ಅದು ಕೆಸರನ್ನು ಮಾತ್ರ ಕೆಳಗೆ ಕೂರಿಸುತ್ತದೆ.
• ಮಳೆಗಾಲದಲ್ಲಿ ಚಾವಣಿಯ ನೀರು ಹಿಡಿದಿಟ್ಟು ಬಟ್ಟೆ ಒಗೆಯಲು ಬಳಸಿದರೆ ಸೋಪಿನ ಖರ್ಚು ಉಳಿಯುತ್ತದೆ.
• ಕುಡಿಯುವ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಜಲ ಜೀವನ್ ಮಿಷನ್ ಅಡಿ ಹಳ್ಳಿಯಲ್ಲೇ ನೀರು ಪರೀಕ್ಷಿಸುವ ಕಿಟ್‌ಗಳ ವ್ಯವಸ್ಥೆ ಇದೆ. ಫ್ಲೋರೈಡ್ ಎಷ್ಟಿದೆ ಎಂದು ಮರೆಯದೆ ಕೇಳಿ.

ತೀರ್ಮಾನ: ನೊರೆ ಬರದಿದ್ದ ಮಾತ್ರಕ್ಕೆ ಪೌಡರ್ ನಕಲಿಯಲ್ಲ, ನೀರು ವಿಷವಲ್ಲ. ನೊರೆ ಬಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವೂ ಅಲ್ಲ. ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಎರಡು ಬಾಟಲಿಯ ಪರೀಕ್ಷೆ ಮಾಡಿ ನೋಡಿ.