ಹಣ್ಣಿನ ಹಾದಿಗೊಂದು ನಕಾಶೆ

ಭೂಗೋಳವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ನಿಲ್ಲುವುದು ಪರೀಕ್ಷೆಯ ಪ್ರಶ್ನಪತ್ರಿಕೆಗೆ ಲಗತ್ತಿಸಿದ ಭಾರತದ ರೇಖಾಪಟ. ಅದರಲ್ಲಿ ನರ್ಮದೆಯನ್ನು ನೀಲಿಯಲ್ಲಿ ಎಳೆದು, ಕೋಲಾರವನ್ನು ಚುಕ್ಕೆಯಿಂದ ಗುರುತಿಸಿ, ನಾಲ್ಕು ಅಂಕಗಳನ್ನು ಗಳಿಸಿದರೆ ನಕಾಶೆಯ ಪ್ರಯೋಜನ ಮುಗಿಯಿತೆಂದು ಅವರ ಎಣಿಕೆ. ಅವರನ್ನು ನಾವು ದೂರಲಾರೆವು. ದೊಡ್ಡವರಾದ ನಾವೂ ನಕಾಶೆಯನ್ನು ಗೋಡೆಯ ಅಲಂಕಾರವೆಂದೇ ಬಹುಕಾಲ ಬಗೆದಿದ್ದೇವೆ. ಊರಿನಿಂದ ಊರಿಗೆ ಏನು ಸಾಗುತ್ತದೆ, ಸಾಗುವಾಗ ಎಲ್ಲಿ ಕೆಡುತ್ತದೆ, ಯಾರ ಗಂಟು ಕರಗುತ್ತದೆ ಎಂಬುದನ್ನು ಹೇಳಬಲ್ಲ ಸಾಧನ ಅದೆಂಬುದನ್ನು ಇಲ್ಲಿ ಒಂದು ಹಣ್ಣಿನ ಮೂಲಕ ತೋರಿಸಬಯಸುತ್ತೇವೆ. ಆ ಹಣ್ಣು ಯಾವುದೆಂದು ಮುಂಬಯಿಯ ಮಕ್ಕಳಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಕಿತ್ತ ಮಾತ್ರಕ್ಕೆ ಮಾವಿನಕಾಯಿ ಪ್ರಾಣ ಬಿಡುವುದಿಲ್ಲ. ಮರದಿಂದ ಬೇರ್ಪಟ್ಟ ಮೇಲೂ ಅದು ಉಸಿರಾಡುತ್ತಿರುತ್ತದೆ. ಆಮ್ಲಜನಕವನ್ನು ಒಳಗೆಳೆದುಕೊಂಡು, ತನ್ನ ಒಡಲಿನ ಸತ್ತ್ವವನ್ನು ತಾನೇ ಸುಟ್ಟುಕೊಂಡು, ಶಾಖವನ್ನು ಹೊರಗೆಡಹುತ್ತದೆ. ಇಥಿಲೀನ್ ಎಂಬ ಅನಿಲವನ್ನು ತಾನೇ ಹುಟ್ಟಿಸಿಕೊಂಡು ಹಣ್ಣಾಗುವುದಲ್ಲದೆ ಪಕ್ಕದ ಕಾಯಿಯನ್ನೂ ಹಣ್ಣಾಗಿಸುತ್ತದೆ. ಸುತ್ತಣ ಉಷ್ಣತೆ ಹತ್ತು ಡಿಗ್ರಿ ಏರಿದರೆ ಈ ಉಸಿರಾಟದ ವೇಗ ಇಮ್ಮಡಿಯಾಗುತ್ತದೆ, ಕೆಲವೊಮ್ಮೆ ಮುಮ್ಮಡಿಯೂ ಆಗುವುದುಂಟು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತೋಟದ ಬದುವಿನ ಮೇಲೆ ಲಾರಿಗಾಗಿ ಕಾದು ಕುಳಿತ ಪೇಟಿಯೊಳಗೆ ಆಯುಷ್ಯವು ಗಂಟೆ ಗಂಟೆಗೆ ಸವೆಯುತ್ತಿರುತ್ತದೆ. ಮೇಲೆ ನೋಡುವವನಿಗೆ ಏನೂ ಕಾಣುವುದಿಲ್ಲ. ಹಾಗೆಂದು ಹಿಮದಂತೆ ತಣ್ಣಗಿಟ್ಟರೂ ನಡೆಯದು. ದ್ರಾಕ್ಷಿಯೂ ಸೇಬೂ ಶೂನ್ಯದ ಸಮೀಪದ ತಂಪನ್ನು ತಾಳುತ್ತವೆ. ಮಾವು ಬಾಳೆಗಳನ್ನು ಸುಮಾರು 12-13 ಡಿಗ್ರಿಗಿಂತ ಕೆಳಗಿಟ್ಟರೆ ಸಿಪ್ಪೆ ಕಪ್ಪಿಟ್ಟು ರುಚಿ ಕೆಡುತ್ತದೆ. ತೊಟ್ಟು ಮುರಿದು ಕಿತ್ತರೆ ಸೊನೆ ಸುರಿದು ಸಿಪ್ಪೆಯನ್ನು ಸುಡುತ್ತದೆ. ಇಷ್ಟು ಸೂಕ್ಷ್ಮವಾದ ಒಂದು ಜೀವವನ್ನು ನೂರಾರು ಮೈಲಿ ಸಾಗಿಸಿ ತರುತ್ತಾರೆಂಬುದೇ ಒಂದು ಆಶ್ಚರ್ಯ.

ಸಾಗಿಸುವಲ್ಲಿ ಎಷ್ಟು ಹಾಳಾಗುತ್ತದೆ? ಲುಧಿಯಾನದಲ್ಲಿರುವ ಕೇಂದ್ರೀಯ ಕೊಯ್ಲೋತ್ತರ ಸಂಶೋಧನ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮಾವಿನಲ್ಲಿ ನೂರಕ್ಕೆ 9.16, ಪೇರಲದಲ್ಲಿ ನೂರಕ್ಕೆ 15.88 ಭಾಗ ನಷ್ಟವಾಗುತ್ತಿತ್ತು. ನಮ್ಮ ದೇಶದಲ್ಲಿ ಅರ್ಧಕ್ಕರ್ಧ ಹಣ್ಣು ಕೊಳೆತುಹೋಗುತ್ತದೆಂದು ಭಾಷಣಕಾರರು ಹೇಳುವುದನ್ನು ಕೇಳಿದ್ದೇವೆ, ಅದು ಅತಿಶಯೋಕ್ತಿ. ಆದರೆ ಅಳೆದು ತೂಗಿ ಹೇಳಿದ ಈ ಹತ್ತು ಹದಿನೈದು ಪಾಲೇನೂ ಹಗುರವಾದುದಲ್ಲ. ವರ್ಷವಿಡೀ ದುಡಿದ ಒಕ್ಕಲಿಗನಿಗೆ ಲಾಭವೆಂದು ಉಳಿಯುವುದು ಅನೇಕ ವೇಳೆ ಅಷ್ಟೇ ಇರುತ್ತದೆ. ಮೇಲಾಗಿ, ಕೊಳೆತ ಹಣ್ಣು ಮಾತ್ರ ಆ ಲೆಕ್ಕಕ್ಕೆ ಸೇರುತ್ತದೆ. ಬಾಡಿದುದರಿಂದ ಅರೆಬೆಲೆಗೆ ಬಿಕರಿಯಾದ ಹಣ್ಣಿನ ದುಃಖ ಅದರಲ್ಲಿ ಕಾಣದು.

ನಷ್ಟದ ಮಾತು ಬಂದೊಡನೆ ಎಲ್ಲರ ಬಾಯಲ್ಲಿಯೂ ಬರುವ ಪರಿಹಾರವೆಂದರೆ ಶೀತಲಗೃಹ. ಜಿಲ್ಲೆಗೊಂದು ಕಟ್ಟಿರಿ, ತಾಲ್ಲೂಕಿಗೊಂದು ಕಟ್ಟಿರಿ ಎಂಬ ಕೂಗು. ನಮಗೆ ಈ ಕೂಗಿನಲ್ಲಿ ಅಷ್ಟಾಗಿ ನಂಬಿಕೆಯಿಲ್ಲ. ರಾಷ್ಟ್ರೀಯ ಶೀತಲಸರಪಳಿ ಅಭಿವೃದ್ಧಿ ಕೇಂದ್ರದ 2015ರ ವರದಿಯನ್ನು ನೋಡಬೇಕು. ದೇಶಕ್ಕೆ ಸುಮಾರು 351 ಲಕ್ಷ ಟನ್ನುಗಳಷ್ಟು ಶೀತಲ ದಾಸ್ತಾನು ಬೇಕಾಗಿದ್ದಲ್ಲಿ ಆಗಲೇ 318 ಲಕ್ಷ ಟನ್ನುಗಳಷ್ಟು ಸಿದ್ಧವಾಗಿದ್ದಿತು. ಅದರಲ್ಲಿ ಬಹುಪಾಲು ಆಲೂಗಡ್ಡೆಗೆ ಮೀಸಲಾದುದು. ಇನ್ನು ತೋಟದ ಹತ್ತಿರ ಹಣ್ಣನ್ನು ತೊಳೆದು, ವಿಂಗಡಿಸಿ, ತಂಪುಗೊಳಿಸಿ, ಪೇಟಿ ತುಂಬುವ ಪ್ಯಾಕ್‌ಹೌಸುಗಳು 70,080 ಬೇಕಾಗಿದ್ದಲ್ಲಿ ಇದ್ದುದು ಕೇವಲ 249. ತಂಪು ಲಾರಿಗಳು 61,826 ಬೇಕಾಗಿದ್ದಲ್ಲಿ ಹತ್ತು ಸಾವಿರವೂ ಇರಲಿಲ್ಲ. ಮನೆಯಲ್ಲಿ ದೊಡ್ಡ ಹಗೇವು ಇದ್ದು ಹೊಲದಿಂದ ಮನೆಗೆ ದಾರಿಯೇ ಇಲ್ಲದಂತಹ ಸ್ಥಿತಿ ಇದು. ಆ ವರದಿ ಬಂದ ಮೇಲೆ ಹೊಸ ಕಟ್ಟಡಗಳು ಎದ್ದಿವೆ, ನಿಜ. ಎಲ್ಲಿ ಎದ್ದರೆ ಪ್ರಯೋಜನವೆಂಬ ಪ್ರಶ್ನೆಯನ್ನು ಮೊದಲು ಕೇಳಿಯೇ ಅವನ್ನು ಎಬ್ಬಿಸಿದರೇ ಎಂಬುದು ನಮ್ಮ ಸಂದೇಹ. ದಾನವಾಗಿ ದೊರೆತ ನಿವೇಶನವೆಂದೋ, ಮುಖ್ಯರಸ್ತೆಯ ಪಕ್ಕದಲ್ಲಿ ಕಾಣುವಂತಿರಲೆಂದೋ ಕಟ್ಟಿದ ಕಟ್ಟಡಕ್ಕೂ ತೋಟಕ್ಕೂ ಸಂಬಂಧವಿಲ್ಲದೆ ಹೋಗುವುದು ಸಹಜ.

'ಎಲ್ಲಿ' ಎಂಬ ಪ್ರಶ್ನೆಗೆ ಉತ್ತರ ಕೊಡುವುದು ನಕಾಶೆ. ಈ ವಿಚಾರ ಹೊಸದೇನಲ್ಲ. ಜರ್ಮನಿಯ ಜಮೀನುದಾರನಾಗಿದ್ದ ಫಾನ್ ಥ್ಯೂನೆನ್ ಎಂಬಾತನು 1826ರಲ್ಲಿಯೇ ಒಂದು ಪಟ್ಟಣದ ಸುತ್ತ ವರ್ತುಲಗಳನ್ನು ಎಳೆದು, ಬೇಗ ಕೆಡುವ ಹಾಲು ತರಕಾರಿಗಳು ಮೊದಲನೆಯ ವರ್ತುಲದಲ್ಲಿಯೂ, ತಾಳಿಕೊಳ್ಳುವ ಧಾನ್ಯವು ದೂರದ ವರ್ತುಲದಲ್ಲಿಯೂ ಏಕೆ ಬೆಳೆಯುತ್ತವೆಂದು ವಿವರಿಸಿದನು. ಆತನ ವರ್ತುಲಗಳು ಬಯಲುಸೀಮೆಯ ಕಲ್ಪನೆಯವು. ನಮ್ಮ ಸಹ್ಯಾದ್ರಿಯ ಮುಂದೆ ಅವು ನಿಲ್ಲುವುದಿಲ್ಲ. ಆದ್ದರಿಂದ ಇಂದಿನವರು ಒಂದರ ಮೇಲೊಂದು ಪಾರದರ್ಶಕ ಹಾಳೆಗಳನ್ನು ಹೊದಿಸಿದಂತೆ ಗಣಕಯಂತ್ರದಲ್ಲಿ ನಕಾಶೆಯನ್ನು ಕಟ್ಟುತ್ತಾರೆ: ಒಂದು ಹಾಳೆಯ ಮೇಲೆ ತೋಟಗಳು, ಇನ್ನೊಂದರ ಮೇಲೆ ರಸ್ತೆಗಳು, ಮತ್ತೊಂದರ ಮೇಲೆ ಏಪ್ರಿಲ್-ಮೇ ತಿಂಗಳ ಸೆಕೆ, ಬಳಿಕ ವಿದ್ಯುತ್ತು, ನೀರು, ಪೇಟೆಗಳು. ಎಲ್ಲವನ್ನೂ ಒಟ್ಟಿಗೆ ಹಿಡಿದು ನೋಡಿದಾಗ, ಬೇರೆ ಬೇರೆಯಾಗಿ ನೋಡಿದಾಗ ಕಾಣದಿದ್ದ ಸ್ಥಳವೊಂದು ತಾನಾಗಿಯೇ ಎದ್ದು ತೋರುತ್ತದೆ.

ಇಂತಹ ನಕಾಶೆಯಲ್ಲಿ ನಾವು ಮೈಲಿಗಿಂತ ಗಂಟೆಗೆ ಹೆಚ್ಚು ಬೆಲೆ ಕೊಡಬೇಕೆಂಬುದು ನಮ್ಮ ಮುಖ್ಯ ವಾದ. ಕೊಂಕಣವನ್ನೇ ನೋಡಿರಿ. ರತ್ನಾಗಿರಿ, ದೇವಗಡಗಳ ಹಾಪೂಸ್ ಮಾವು ರಾತ್ರಿಯಿಡೀ ಲಾರಿಯಲ್ಲಿ ಕುಲುಕಾಡಿ ವಾಶಿಯ ಪೇಟೆಗೆ ಬರುತ್ತದೆ. ಮುಂಬಯಿ-ಗೋವಾ ಹೆದ್ದಾರಿಯನ್ನು ಅಗಲಮಾಡುವ ಕೆಲಸ 2011ರಲ್ಲಿ ಆರಂಭವಾಗಿ ಹತ್ತು ವರ್ಷಗಳನ್ನು ಮೀರಿ ಎಳೆದುಕೊಂಡು ಹೋಯಿತು. ಅಷ್ಟು ವರ್ಷವೂ ಮೈಲಿಗಲ್ಲು ಹೇಳಿದ ದೂರ ಒಂದು, ಹಣ್ಣು ಅನುಭವಿಸಿದ ದೂರ ಇನ್ನೊಂದು. ಸಮುದ್ರದ ಹಿನ್ನೀರಿನ ಆಚೆ ದಡದಲ್ಲಿ ಕಣ್ಣಿಗೆ ಕಾಣುವ ಊರಿಗೆ ರಸ್ತೆಯಿಂದ ಸುತ್ತಿಹೋದರೆ ಬಹುಹೊತ್ತು ಹಿಡಿಯುತ್ತದೆ. ಅದೇ ಸಾವಂತವಾಡಿಯಿಂದ ಅಂಬೋಲಿ ಘಟ್ಟವನ್ನು ಹತ್ತಿದರೆ ಬೆಳಗಾವಿ ಮೂರು ಗಂಟೆಯೊಳಗಿನ ಹಾದಿ. ಮುಂಬಯಿಯಲ್ಲಿ ಮಾಲು ತುಂಬಿ ತುಳುಕಿ ಬೆಲೆ ಬಿದ್ದ ದಿನ ದಕ್ಷಿಣ ಕೊಂಕಣದ ಬೆಳೆಗಾರನು ಬೆಳಗಾವಿ, ಕೊಲ್ಹಾಪುರಗಳ ಕಡೆಗೆ ಮುಖಮಾಡಬಹುದಾಗಿತ್ತು. ಕಾಲವನ್ನು ತೋರಿಸುವ ನಕಾಶೆ ಕೈಯಲ್ಲಿದ್ದರೆ ತಾನೇ? ಹಿರಿಯರು ಕಳುಹಿಸುತ್ತಿದ್ದ ದಲಾಲನಿಗೇ ಕಿರಿಯರೂ ಕಳುಹಿಸುತ್ತಾರೆ. ದಲಾಲನು ಮುಂಗಡ ಕೊಟ್ಟಿರುತ್ತಾನೆ. ಸಾಲದ ದಾರಿಯೊಂದು ರಸ್ತೆಗಿಂತ ಬಲವಾಗಿ ಹಣ್ಣನ್ನು ಎಳೆಯುತ್ತದೆಂಬುದನ್ನು ಯಾವ ಉಪಗ್ರಹವೂ ಕಾಣಲಾರದು.

ಉಪಗ್ರಹದ ಮಾತು ಬಂದಿತು. 1988ರ ಮಾರ್ಚಿನಲ್ಲಿ, ಪ್ರಾಯೋಗಿಕವಾದುವನ್ನು ಬಿಟ್ಟರೆ, ನಮ್ಮ ಮೊದಲನೆಯ ದೂರಸಂವೇದಿ ಉಪಗ್ರಹವು ಆಕಾಶಕ್ಕೇರಿದಂದಿನಿಂದ ದೇಶದ ನೆಲವನ್ನು ಮೇಲಿನಿಂದ ನೋಡುವುದು ನಮಗೆ ಸಾಧ್ಯವಾಯಿತು. 2014ರಲ್ಲಿ 'ಚಮನ್' ಎಂಬ ಯೋಜನೆಯನ್ನು ಕೇಂದ್ರದ ಕೃಷಿ ಇಲಾಖೆಯು ಕೈಗೊಂಡಿತು. ದಿಲ್ಲಿಯ ಮಹಾಲನೋಬಿಸ್ ಕೇಂದ್ರದ ಮೂಲಕ ಮಾವು, ಬಾಳೆ, ಕಿತ್ತಳೆ ಮೊದಲಾದುವು ಎಷ್ಟು ನೆಲದಲ್ಲಿವೆಯೆಂದು ಉಪಗ್ರಹಚಿತ್ರಗಳಿಂದ ಅಂದಾಜುಮಾಡುವುದೂ, ಕೊಯ್ಲಿನ ನಂತರದ ಸೌಕರ್ಯಗಳಿಗೆ ತಕ್ಕ ಸ್ಥಳಗಳನ್ನು ಅರಸುವುದೂ ಅದರ ಉದ್ದೇಶಗಳಾಗಿದ್ದವು. ಶ್ಲಾಘ್ಯವಾದ ಕೆಲಸವೇ. ಆದರೆ ಆಕಾಶದ ಕಣ್ಣಿಗೂ ಮೋಸವಾಗುವುದುಂಟು. ಕೊಂಕಣದ ಇಳಿಜಾರಿನಲ್ಲಿ ಮಾವೂ ಗೇರೂ ಬೆರೆತು ನಿಂತಿರುತ್ತವೆ. ಎರಡೂ ಬೇಸಗೆಯಲ್ಲಿ ಹಸುರಾಗಿಯೇ ಇರುವ ಮರಗಳು. ಇದು ಮಾವು, ಇದು ಗೇರು, ಈ ತೋಟದ ಮರಗಳು ಮುದಿಯಾದುವು, ಈ ಕಾಲುದಾರಿಯಲ್ಲಿ ಟೆಂಪೊ ಇಳಿಯುವುದಿಲ್ಲ, ಮೊದಲ ಮಳೆ ಬಿದ್ದರೆ ಆ ಹಳ್ಳ ದಾಟಲಾಗದು - ಇವನ್ನು ಹೇಳಬಲ್ಲವನು ಅಲ್ಲಿಯ ಒಕ್ಕಲಿಗನೇ. ಅವನನ್ನು ಕೂಡಿಸಿಕೊಂಡು ಕೇಳದೆ ಬರೆದ ನಕಾಶೆ ಚೆಂದವಾಗಿ ಬಣ್ಣಬಳಿದ ಸುಳ್ಳಾಗುತ್ತದೆ.

ಇನ್ನೊಂದು ವಿಚಾರ. ಮಾವಿನ ಸುಗ್ಗಿ ಎರಡು ಮೂರು ತಿಂಗಳದು. ಪ್ಯಾಕ್‌ಹೌಸು ವರ್ಷದ ಒಂಬತ್ತು ತಿಂಗಳು ಬೀಗ ಹಾಕಿಕೊಂಡಿದ್ದರೆ ಸಾಲ ತೀರಿಸುವವರಾರು? ಗೇರು, ಹಲಸು, ಇಲ್ಲಿ ಕೋಕಮ್ ಎಂದು ಕರೆಯುವ ನಮ್ಮ ಮುರುಗಲು, ತರಕಾರಿ - ಇವುಗಳಲ್ಲಿ ಎರಡು ಮೂರಾದರೂ ಒಂದು ಗಂಟೆಯ ಹಾದಿಯೊಳಗೆ ದೊರೆಯುವ ಊರನ್ನು ಆರಿಸಿದರೆ ಆ ಕಟ್ಟಡ ಬದುಕಿಕೊಳ್ಳುತ್ತದೆ. ಅಂತಹ ಊರನ್ನು ಊಹೆಯಿಂದ ಹುಡುಕುವುದು ಕಷ್ಟ. ಹಾಳೆಗಳನ್ನು ಹೊದಿಸಿ ಹುಡುಕುವುದು ಸುಲಭ.

ರಾಜ್ಯದ ಗಡಿಯ ಬಗೆಗೂ ಒಂದು ಮಾತು ಹೇಳಬೇಕು. ಸರಕಾರಿ ನಕಾಶೆಗಳು ಗಡಿರೇಖೆ ಬಂದೊಡನೆ ನಿಂತುಬಿಡುತ್ತವೆ. ಆಚೆಯದು ಬಿಳಿಯ ಹಾಳೆ. ಹಣ್ಣಿಗೆ ಆ ರೇಖೆಯ ಪರಿವೆಯಿಲ್ಲ. ವಿಜಯಪುರ ಜಿಲ್ಲೆಯ ಒಣದ್ರಾಕ್ಷಿ ಸಾಂಗಲಿ, ತಾಸಗಾಂವಗಳ ಪೇಟೆಗೆ ಹೋಗಿ ಮಾರಾಟವಾಗುತ್ತದೆ; ಕೊಂಕಣದ ಮಾವು ಬೆಳಗಾವಿಗೆ ಇಳಿಯಬಲ್ಲುದು; ಸೊಲ್ಲಾಪುರದ ದಾಳಿಂಬೆಯ ಸೀಮೆ ವಿಜಯಪುರ ಬಾಗಿಲುಕೋಟೆಗಳ ದಾಳಿಂಬೆಯ ಸೀಮೆಯೊಡನೆ ಬೆರೆತೇ ಇದೆ. ಎರಡು ರಾಜ್ಯಗಳ ಇಲಾಖೆಗಳು ತಮ್ಮ ತಮ್ಮ ಅರ್ಧ ನಕಾಶೆಗಳನ್ನು ಇಟ್ಟುಕೊಂಡಿರುವವರೆಗೂ ಗಡಿಯ ಎರಡೂ ಕಡೆಯ ಬೆಳೆಗಾರರು ನಷ್ಟದಲ್ಲಿಯೇ ಇರುವರು. ಗಡಿಯ ವಿವಾದಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಹಣ್ಣಿನ ನಕಾಶೆಯಲ್ಲಿಯಾದರೂ ಆ ರೇಖೆಯನ್ನು ಪೆನ್ಸಿಲಿನಿಂದ ಎಳೆದರೆ ಸಾಕು.

ಕನ್ನಡಿಗರಾದ ನಮ್ಮ ಮನಸ್ಸನ್ನು ಕುಟುಕುವ ಸಂಗತಿ ಇನ್ನೂ ಒಂದಿದೆ. ಧಾರವಾಡದ ಸುತ್ತಣ ಆಪೂಸು ಮಾವೂ ಇದೇ ವಾಶಿಗೆ ಬರುತ್ತದೆ. ಪೇಟೆಯನ್ನು ಸೇರುವವರೆಗೆ ಅದು ಕರ್ನಾಟಕದ ಮಾವು. ಅಲ್ಲಿಂದ ಮುಂದೆ ಬೀದಿಗಿಳಿಯುವಾಗ ಎಷ್ಟೋ ಪೇಟಿಗಳ ಮೇಲೆ ದೇವಗಡದ ಹೆಸರು ಮೂಡಿರುತ್ತದೆ. ಇದರಿಂದ ಕೊಳ್ಳುವವನಿಗೆ ವಂಚನೆ, ದೇವಗಡದವನಿಗೆ ಅನ್ಯಾಯ, ಧಾರವಾಡದವನಿಗೆ ಹೆಸರಿನ ಲೋಪ. ರತ್ನಾಗಿರಿ, ಸಿಂಧುದುರ್ಗ ಮೊದಲಾದ ಐದು ಜಿಲ್ಲೆಗಳ ಹಾಪೂಸಿಗೆ 2018ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ನಮ್ಮ ಅಂಕೋಲೆಯ ಕರಿ ಇಶಾಡಿಗೂ 2023ರಲ್ಲಿ ದೊರೆಯಿತು. ಮನ್ನಣೆಯ ಪತ್ರವು ಗೋಡೆಯ ಮೇಲೆ ತೂಗಿದ ಮಾತ್ರಕ್ಕೆ ಪೇಟಿಯ ಮೇಲಣ ಸುಳ್ಳು ಅಳಿಯುವುದಿಲ್ಲವಷ್ಟೆ. 2025ರಲ್ಲಿ ದೇವಗಡದ ಬೆಳೆಗಾರರ ಸಹಕಾರಿ ಸಂಘವು ಹಣ್ಣಿಗೆ ಗುರುತಿನ ಸಂಖ್ಯೆಯ ಚೀಟಿಯನ್ನು ಅಂಟಿಸುವ ಪದ್ಧತಿಯನ್ನು ತಂದಿತು. ರಫ್ತಾಗುವ ದ್ರಾಕ್ಷಿಗೆ 'ಗ್ರೇಪ್‌ನೆಟ್' ಎಂಬ ವ್ಯವಸ್ಥೆ ಬಂದು ಬಹಳ ವರ್ಷಗಳಾದುವು. ಅದರಲ್ಲಿ ತೋಟಗಳನ್ನು ನೋಂದಾಯಿಸಿ, ಪೆಟ್ಟಿಗೆ ಯಾವ ತೋಟದ್ದೆಂದು ಹಿಂದಕ್ಕೆ ಹೋಗಿ ಕಂಡುಹಿಡಿಯಬಹುದು. ಯೂರೋಪಿನ ಗಿರಾಕಿಗೆ ದೊರೆಯುವ ಈ ಸತ್ಯ ದಾದರಿನ ಗಿರಾಕಿಗೂ ದೊರೆಯಬೇಡವೇ? ಧಾರವಾಡದ ಬೆಳೆಗಾರರು ತಮ್ಮ ತೋಟಗಳನ್ನು ನಕಾಶೆಯ ಮೇಲೆ ಗುರುತಿಸಿಕೊಂಡು, ತಮ್ಮ ಹಣ್ಣನ್ನು ತಮ್ಮ ಹೆಸರಿನಲ್ಲಿಯೇ ಮಾರಲು ಮುಂದಾಗಬೇಕೆಂದು ನಾವು ಆಗ್ರಹಪೂರ್ವಕ ಹೇಳುತ್ತೇವೆ. ಮೊದಲ ವರ್ಷ ಬೆಲೆ ಕಡಿಮೆ ಬಂದೀತು. ಬರಲಿ.

ನಕಾಶೆಯಿಂದ ಕೇಡೂ ಉಂಟೆಂಬುದನ್ನು ಮರೆಮಾಚಬಾರದು. ಯಾವ ಕಣಿವೆಯಲ್ಲಿ ಎಷ್ಟು ಕಾಯಿ, ಯಾವ ವಾರ ಕೊಯ್ಲು ಎಂಬುದು ದೊಡ್ಡ ವ್ಯಾಪಾರಿಯ ಕೋಣೆಯಲ್ಲಿ ಮಾತ್ರ ಕಾಣುವಂತಾದರೆ ಅವನು ಬೆಲೆಯನ್ನು ಮೊದಲೇ ಇಳಿಸಿಕೊಂಡು ಕಾಯುವನು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಭಾರತೀಯರು ನಕಾಶೆಗಳನ್ನು ತಯಾರಿಸುವುದಕ್ಕೂ ಬಳಸುವುದಕ್ಕೂ ಇದ್ದ ಅನೇಕ ನಿರ್ಬಂಧಗಳನ್ನು ಸಡಿಲಿಸಿತು. ಒಳ್ಳೆಯದಾಯಿತು. ಆದರೆ ಸಡಿಲವಾದ ಬಾಗಿಲಿನಿಂದ ಮೊದಲು ಒಳಹೋಗುವವನು ಹಣವಂತ. ಸಾರ್ವಜನಿಕ ಹಣದಿಂದ ಆದ ನಕಾಶೆಗಳು ಗ್ರಾಮಪಂಚಾಯತಿಯ ಗೋಡೆಯ ಮೇಲೆ, ಕೊಂಕಣದಲ್ಲಿ ಮರಾಠಿಯಲ್ಲಿ, ಧಾರವಾಡದಲ್ಲಿ ಕನ್ನಡದಲ್ಲಿ, ಓದುಬಲ್ಲ ಯಾರಿಗಾದರೂ ತಿಳಿಯುವಂತೆ ಇರಬೇಕು. ಇಂಗ್ಲಿಷಿನಲ್ಲಿ ಬರೆದು ದಿಲ್ಲಿಯಲ್ಲಿ ಇಟ್ಟ ನಕಾಶೆಯಿಂದ ಹಾರೋಹಳ್ಳಿಯವನಿಗೂ ಹರ್ಣೆಯವನಿಗೂ ಏನು ಪ್ರಯೋಜನ?

ಇದೆಲ್ಲ ಇಲಾಖೆಗಳ ಕೆಲಸ, ಶಾಲೆಯ ಮಕ್ಕಳಿಗೇಕೆ ಎಂದು ಕೆಲವರು ಕೇಳಬಹುದು. ಪೇಟೆಯ ಕೊನೆಯ ತುದಿ ಮಕ್ಕಳ ಮನೆಬಾಗಿಲಿನಲ್ಲಿಯೇ ಇದೆ. ಆ ತುದಿಯ ವಿವರ ಯಾವ ಇಲಾಖೆಯ ಹಾಳೆಯಲ್ಲಿಯೂ ಇಲ್ಲ. ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯವರು ಬರುವ ಏಪ್ರಿಲಿನಲ್ಲಿ ತಮ್ಮ ಬೀದಿಯ ಹಣ್ಣಿನ ಗಾಡಿಯವರನ್ನು ನಾಲ್ಕು ಪ್ರಶ್ನೆ ಕೇಳಲಿ: ಹಣ್ಣು ಎಲ್ಲಿಯದು, ವಾಶಿಯಿಂದ ಯಾವಾಗ ತಂದಿರಿ, ನಿನ್ನೆ ಎಷ್ಟು ಎಸೆದಿರಿ, ಎಸೆದುದು ಏಕೆ ಕೆಟ್ಟಿತು. ವ್ಯಾಪಾರದ ಹೊತ್ತಿನಲ್ಲಿ ಕೇಳಬಾರದು. ಮಧ್ಯಾಹ್ನ ಗಿರಾಕಿಯಿಲ್ಲದಾಗ ವಿನಯದಿಂದ ಕೇಳಿದರೆ ಅವರು ತಾಸುಗಟ್ಟಲೆ ಮಾತಾಡುವರು. ಉತ್ತರಗಳನ್ನು ಭೂಗೋಳದ ವಹಿಯ ಎರಡು ಹಾಳೆಗಳಿಗೆ ಹರಡಿದ ಒಂದು ನಕಾಶೆಯ ಮೇಲೆ ಗುರುತಿಸಲಿ. ಅಳತೆ ಮಾತ್ರ ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರೆಂದು ಬೇಡ. ಒಂದು ಸೆಂಟಿಮೀಟರಿಗೆ ಒಂದು ಗಂಟೆ.