ತೊಟ್ಟಿಲು ತೂಗುವವರ ಮನಸ್ಸು

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2007ನೆಯ ಇಸವಿಯ ಜನವರಿಯಲ್ಲಿ ಒಂದು ಪಟ್ಟಿಯನ್ನು ಮುಂದಿಟ್ಟಿತು. ವೀರಪ್ಪನ್‌ನನ್ನು ಹಿಡಿಯುವುದಕ್ಕಾಗಿ ಕರ್ನಾಟಕ ಮತ್ತು ತಮಿಳುನಾಡುಗಳು ಕಾಡಿಗೆ ಕಳುಹಿದ ಜಂಟಿ ವಿಶೇಷ ಕಾರ್ಯಪಡೆಯಿಂದ ನೊಂದವರೆಂದು ಅದು ಒಪ್ಪಿಕೊಂಡ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರ ಸಲ್ಲತಕ್ಕದ್ದೆಂಬುದು ಆ ಪಟ್ಟಿಯ ಸಾರ. ಪೆಟ್ಟು ತಿಂದವರು, ಮಾನಹಾನಿಗೆ ಗುರಿಯಾದವರು, ಸತ್ತವರ ವಾರಸುದಾರರು ಮುಂತಾದವರ ಲೆಕ್ಕವನ್ನು ಇಂತಹ ಪಟ್ಟಿಗಳು ಇಡುತ್ತವೆ, ಇಡಬೇಕಾದುದೂ ನ್ಯಾಯವೇ. ಆದರೆ ಅದೇ ದಿನಗಳಲ್ಲಿ ಅದೇ ಮನೆಗಳ ತೊಟ್ಟಿಲಲ್ಲಿದ್ದವರ, ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದವರ ಲೆಕ್ಕವನ್ನು ಯಾವ ಪಟ್ಟಿಯೂ ಇಡುವುದಿಲ್ಲ. ಮೈಮೇಲೆ ಗಾಯವಿಲ್ಲದ ಕೂಸನ್ನು ಸಾಕ್ಷಿಗೆ ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಆ ಕೂಸನ್ನು ಎತ್ತಿಕೊಂಡಿದ್ದ ಕೈ ನಡುಗುತ್ತಿತ್ತೇ ಎಂದು ಕೇಳುವ ಪದ್ಧತಿಯಂತೂ ಇಲ್ಲವೇ ಇಲ್ಲ.

ಇಂದಿನ ಹನೂರು ತಾಲ್ಲೂಕಿಗೆ ಸೇರಿದ ಮಾರ್ಟಳ್ಳಿ, ಮಲೆ ಮಹದೇಶ್ವರನ ಬೆಟ್ಟಸಾಲಿನ ಸೆರಗಿನಲ್ಲಿರುವ ಊರು. ಕೊಳ್ಳೇಗಾಲದ ಸೀಮೆಯೆಲ್ಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಮೈಸೂರಿಗೆ ಬಂದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾಯಿತು. ನಕ್ಷೆಯ ಗೆರೆಗಳು ಹೀಗೆ ಅಲೆದಾಡಿದರೂ ಜನರ ಮಾತು ಅಲೆದಾಡಲಿಲ್ಲ. ಮಾರ್ಟಳ್ಳಿಯ ಕಡೆ ತಮಿಳು ನುಡಿಯುವ ಕ್ರೈಸ್ತ ಕುಟುಂಬಗಳು ಬಹಳ. ಸುತ್ತಣ ಕಾಡುಗಳಲ್ಲಿ ಸೋಲಿಗರ ಪೋಡುಗಳಿವೆ. ಮಳೆಯನ್ನು ನೆಚ್ಚಿದ ಹೊಲ, ಕೂಲಿಯನ್ನು ನೆಚ್ಚಿದ ಬದುಕು. 1990ರ ದಶಕದಲ್ಲಿ ಈ ಸೀಮೆಯ ಜನಕ್ಕೆ ಅತ್ತ ದರಿ ಇತ್ತ ಪುಲಿ ಎಂಬ ಗಾದೆ ಗಾದೆಯಾಗಿ ಉಳಿಯಲಿಲ್ಲ. ಕಾಡಿನಿಂದ ಬಂದವರು ಅಕ್ಕಿ ಬೇಳೆ ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾರಿಗಿದ್ದೀತು? ಕೊಟ್ಟರೆಂಬ ಸುದ್ದಿ ಹರಡಿದರೆ ಮರುದಿನ ಜೀಪು ಬರುವುದು.

1993ರ ಏಪ್ರಿಲ್ 9ರಂದು ಪಾಲಾರಿನ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ಕಾವಲುಗಾರರಿದ್ದರು, ಸುಳಿವು ಕೊಡಲು ಜೊತೆಗೆ ಹೋಗಿದ್ದ ಹಳ್ಳಿಗರೂ ಇದ್ದರು. ಅನಂತರ ನಡೆದ ಹಿಡಿತದಲ್ಲಿ ಈ ಭಾಗದ ಊರುಗಳಿಂದ ಗಂಡಸರೂ ಹೆಂಗಸರೂ ಟಾಡಾ ಕಾಯಿದೆಯ ಮೇರೆಗೆ ಬಂಧಿತರಾಗಿ ಮೈಸೂರಿನ ಸೆರೆಮನೆ ಸೇರಿದರು. ಆ ಕಾಯಿದೆ 1995ರಲ್ಲಿ ಕಾಲಾವಧಿ ಮುಗಿದು ಇಲ್ಲವಾಯಿತು. ಅದರ ಕೆಳಗೆ ಹಿಡಿದವರು ಮಾತ್ರ ಒಳಗೇ ಉಳಿದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪಿತ್ತಾಗ ಆಪಾದಿತರಲ್ಲಿ ಬಹುಪಾಲು ಮಂದಿ ನಿರ್ದೋಷಿಗಳೆಂದು ಹೊರಬಂದರು. ಎಂಟು ವರ್ಷವೆಂದರೆ ಮಗುವಿನ ಲೆಕ್ಕದಲ್ಲಿ ಎಷ್ಟು? ತಂದೆಯನ್ನು ಕರೆದೊಯ್ದಾಗ ಹಾಲು ಕುಡಿಯುತ್ತಿದ್ದದ್ದು, ಆತ ಮರಳುವಾಗ ಮೂರನೆಯ ಇಯತ್ತೆಯ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿರುತ್ತದೆ, ಬಂದವನು ಯಾರೆಂದು ತಾಯಿಯ ಮುಖ ನೋಡುತ್ತದೆ.

ಈ ನೋವು ಒಂದೇ ಕಡೆಯದೆಂದು ಬರೆದರೆ ಬರೆಹ ಸುಳ್ಳಾಗುತ್ತದೆ. 1991ರ ನವೆಂಬರಿನಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ನೆನಪನ್ನು ಗೋಪಿನಾಥಂ ಇನ್ನೂ ಕಾಪಾಡಿಕೊಂಡಿದೆ. 1992ರ ಆಗಸ್ಟ್ 14ರಂದು ಮೀಣ್ಯದ ಹತ್ತಿರ ಪೊಲೀಸ್ ಅಧೀಕ್ಷಕ ಹರಿಕೃಷ್ಣ ಹಾಗೂ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹತರಾದರು. ಎಂಟು ವರ್ಷಗಳ ತರುವಾಯ, ಡಾ. ರಾಜಕುಮಾರರ ಬಿಡುಗಡೆಗೆ ಪ್ರತಿಯಾಗಿ ಮೈಸೂರಿನ ಟಾಡಾ ಬಂದಿಗಳ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾದಾಗ, ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ ಅದನ್ನು ತಡೆದವರು ಶಕೀಲರ ತಂದೆ ಅಬ್ದುಲ್ ಕರೀಂ. ನ್ಯಾಯವೆಂಬ ತಕ್ಕಡಿಯಲ್ಲಿ ಅವರ ಕೇಳಿಕೆ ತೂಕವುಳ್ಳದ್ದೇ ಆಗಿತ್ತು. ಅದೇ ತೀರ್ಪಿನಿಂದ ವಿಚಾರಣೆಯಿಲ್ಲದೆ ಕಾಯುತ್ತಿದ್ದವರ ಮನೆಗಳಲ್ಲಿ ಇನ್ನೊಂದು ಸುತ್ತಿನ ಕಾಯುವಿಕೆ ಆರಂಭವಾಯಿತೆಂಬುದೂ ಅಷ್ಟೇ ನಿಜ. ಮಗನನ್ನು ಕಳೆದುಕೊಂಡ ತಂದೆಯ ಮನೆಯಲ್ಲಿಯೂ ಗಂಡನಿಗಾಗಿ ಕಾಯುವ ಹೆಂಡತಿಯ ಗುಡಿಸಲಲ್ಲಿಯೂ ರಾತ್ರಿ ದೀರ್ಘವಾಗಿಯೇ ಇರುತ್ತದೆ.

ಮಗುವಿಗೆ ಈ ವಾದವಿವಾದಗಳಲ್ಲಿ ಯಾವುದೂ ತಿಳಿಯದು. ತಿಳಿಯದ ಕಾರಣವೇ ಅದಕ್ಕೆ ಏನೂ ತಾಗದೆಂದು ನಮ್ಮ ಹಿರಿಯರು ಹೇಳುವುದುಂಟು: ‘ಅದಕ್ಕೇನು ಗೊತ್ತು, ಹಸುಗೂಸು!’ ಈ ಮಾತು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಗೃಹಗಳನ್ನು ನಡೆಸಿದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಂ ಕಣ್ಣಾರೆ ನೋಡಿದರು. ಬಾಂಬಿನ ಮಳೆ ಸುರಿಯುತ್ತಿದ್ದ ನಗರದಲ್ಲಿ ಚಿಕ್ಕ ಮಕ್ಕಳನ್ನು ಕಂಗೆಡಿಸಿದ್ದು ಬಾಂಬಿನ ಸದ್ದಿಗಿಂತ ಹೆಚ್ಚಾಗಿ ತಾಯಿಯ ಅಗಲಿಕೆ. ತಾಯಿ ಜೊತೆಯಲ್ಲಿದ್ದು ಆಕೆ ಶಾಂತಳಾಗಿದ್ದರೆ ಮಗು ಸುರಂಗದ ಆಶ್ರಯದಲ್ಲಿಯೂ ನಿದ್ರಿಸುತ್ತಿತ್ತು. ಆಕೆ ತತ್ತರಿಸಿದರೆ ಅದೂ ತತ್ತರಿಸುತ್ತಿತ್ತು. ಅಪಾಯವೆಷ್ಟು ದೊಡ್ಡದೆಂಬುದನ್ನು ಮಗು ಆಕಾಶ ನೋಡಿ ಅಳೆಯುವುದಿಲ್ಲ, ತನ್ನನ್ನು ಎತ್ತಿಕೊಂಡವರ ಮುಖ ನೋಡಿ ಅಳೆಯುತ್ತದೆ.

ಈ ಮಾತನ್ನು ಬೆಟ್ಟದ ತಪ್ಪಲಿಗೆ ಇಳಿಸಿ ನೋಡೋಣ. ಮಲೆ ಮಹದೇಶ್ವರ ಬೆಟ್ಟದ ಶಿಬಿರದಲ್ಲಿ ಚಿತ್ರಹಿಂಸೆಗೆಂದೇ ಇದ್ದ ಕೋಣೆಗೆ ‘ವರ್ಕ್‌ಷಾಪ್’ ಎಂಬ ಹೆಸರಿತ್ತೆಂದು ನೊಂದವರು ಹೇಳಿಕೆ ಕೊಟ್ಟರು. 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಕೇಂದ್ರ ತನಿಖಾ ದಳದ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಅವರ ಸಮಿತಿ ನೇಮಕವಾಗಿ, 2003ರಲ್ಲಿ ವರದಿ ಒಪ್ಪಿಸಿತು. ಅಂತಹ ಕೋಣೆಯಿಂದ ಮರಳಿದ ಹೆಂಗಸು ಮರುದಿನ ಬೆಳಗ್ಗೆ ಏನು ಮಾಡುತ್ತಾಳೆ? ಒಲೆ ಹಚ್ಚುತ್ತಾಳೆ, ಅಂಬಲಿ ಕಾಯಿಸುತ್ತಾಳೆ, ಕೂಲಿಗೆ ಹೋಗುತ್ತಾಳೆ. ಹೊರಗಿನವರ ಕಣ್ಣಿಗೆ ಎಲ್ಲವೂ ಮೊದಲಿನಂತೆಯೇ. ಆದರೆ ಮಗು ತೊದಲಿದರೆ ತಿರುಗಿ ತೊದಲುವ ಚೈತನ್ಯ ಆಕೆಯಲ್ಲಿ ಉಳಿದಿರುವುದಿಲ್ಲ. ಅತ್ತರೆ ಎತ್ತಿಕೊಳ್ಳುವ ಮೊದಲು ಸಿಡುಕು ಬರುತ್ತದೆ. ಬೂಟಿನ ಸದ್ದು ಕೇಳಿದೊಡನೆ ಮಗುವಿನ ಬಾಯಿ ಮುಚ್ಚುವ ಅಭ್ಯಾಸ, ಬೂಟುಗಳು ಊರು ಬಿಟ್ಟ ಮೇಲೂ ಬಿಡುವುದಿಲ್ಲ. ತಾಯಿ ಒಳಗಿದ್ದರೆ ಸಾಕುವ ಹೊಣೆ ಅಜ್ಜಿಯದು. ಅಜ್ಜಿಯಾದರೋ ತನ್ನ ಮಗಳಿಗಾಗಿ ಅಳುವ ಹೊತ್ತನ್ನೂ ಮೊಮ್ಮಗುವಿನಿಂದ ಕದಿಯಬೇಕು. ತಾಯಿಯೊಡನೆ ಸೆರೆಮನೆಯ ಒಳಗೆ ಹೋಗುವ ಮಗುವಿಗೆ ಏನೇನು ಸಲ್ಲಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ವಿವರವಾಗಿ ವಿಧಿಸಿತು. ಹೊರಗೆ ಉಳಿದ ಮಗುವಿಗೆ ಅಂತಹ ವಿಧಿ ಯಾವುದಿದೆ?

‘ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು’ ಎಂದು ನಾವು ಅಧ್ಯಾಪಕರು ಸಭೆಗಳಲ್ಲಿ ಹೇಳಿ ಚಪ್ಪಾಳೆ ಪಡೆಯುತ್ತೇವೆ. ಆ ಗುರುವಿಗೆ ಕಳೆದ ರಾತ್ರಿ ನಿದ್ರೆ ಬಂದಿತೇ ಎಂದು ವಿಚಾರಿಸಿದ್ದುಂಟೆ?

ವಿಚಾರಿಸಿದರೆ ಫಲವಿದೆ ಎಂಬುದಕ್ಕೆ ಆಧಾರವುಂಟು. ಬೋಸ್ನಿಯಾದ ಯುದ್ಧದಲ್ಲಿ ನೆಲೆ ತಪ್ಪಿದ 87 ತಾಯಂದಿರನ್ನೂ ಅವರ ಐದಾರು ವರ್ಷದ ಮಕ್ಕಳನ್ನೂ ಕುರಿತು ನಾರ್ವೆಯ ಮನೋವಿಜ್ಞಾನಿ ರಾಗ್ನ್‌ಹಿಲ್ಡ್ ಡಿಬ್‌ಡಾಲ್ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ವೈದ್ಯಕೀಯ ನೆರವು ದೊರೆಯಿತು. ಅರ್ಧದಷ್ಟು ತಾಯಂದಿರಿಗೆ ಅದರ ಜೊತೆಗೆ ಐದು ತಿಂಗಳ ಕಾಲ ವಾರಕ್ಕೊಮ್ಮೆ ಕಲೆತು ಮಾತಾಡುವ ಅವಕಾಶವೂ ದೊರೆಯಿತು. ಹಾಗೆ ಕಲೆತ ತಾಯಂದಿರ ಮನಸ್ಸು ಹಗುರವಾಯಿತು. ಆಶ್ಚರ್ಯದ ಸಂಗತಿಯೆಂದರೆ ಅವರ ಮಕ್ಕಳ ತೂಕವೂ ಹೆಚ್ಚಿತು. ಮಕ್ಕಳಿಗೆ ಬೇರಾವ ವಿಶೇಷ ಉಪಚಾರವೂ ನಡೆದಿರಲಿಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಸಂಗಡಿಗರು ನಮ್ಮ ಆಶಾ ಕಾರ್ಯಕರ್ತೆಯರನ್ನು ಹೋಲುವ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ಕೆಲವು ದಿನ ತರಬೇತಿ ಕೊಟ್ಟು, ಖಿನ್ನರಾದ ಬಸುರಿ ಬಾಣಂತಿಯರ ಮನೆಗೆ ಕಳುಹಿದರು. 2008ರಲ್ಲಿ ಪ್ರಕಟವಾದ ಅದರ ಫಲ ಹೀಗಿದೆ: ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ನೆರವು ಪಡೆದವರಲ್ಲಿ ನೂರಕ್ಕೆ 23 ಮಂದಿ ಖಿನ್ನತೆಯಲ್ಲಿದ್ದರೆ, ಪಡೆಯದವರಲ್ಲಿ 53 ಮಂದಿ. ಇಲ್ಲಿ ಕೂಸುಗಳ ತೂಕದಲ್ಲಿ ಅಂತರ ಕಾಣಲಿಲ್ಲವೆಂಬುದನ್ನು ಮುಚ್ಚಿಡಬಾರದು. ಆದರೆ ಅತಿಸಾರ ಕಡಿಮೆಯಾಯಿತು, ಲಸಿಕೆ ಹಾಕಿಸಿಕೊಂಡವರು ಹೆಚ್ಚಿದರು, ತಂದೆತಾಯಿಗಳು ಮಗುವಿನೊಡನೆ ಆಡುವ ಹೊತ್ತು ಹೆಚ್ಚಿತು. ಮಗುವಿನ ಬೆಳವಣಿಗೆಯ ಕಾರ್ಯಕ್ರಮಗಳಲ್ಲಿಯೇ ತಾಯಿಯ ಮನಸ್ಸಿನ ಆರೈಕೆಯೂ ಸೇರಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಂತಹ ಅನುಭವಗಳ ಬಲದಿಂದಲೇ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದುದಲ್ಲ. ಹೊಡೆದವರನ್ನು ಹಿಡಿಯದೆ, ಕೊಡಬೇಕಾದ ಪರಿಹಾರವನ್ನು ಎಳೆದಾಡಿ, ‘ಸಮಾಧಾನ ಮಾಡಿಕೊಳ್ಳಿರಮ್ಮ’ ಎಂದು ಉಪದೇಶಿಸಲು ಒಬ್ಬ ಸಲಹೆಗಾರನನ್ನು ಕಳುಹುವುದು ಸರ್ಕಾರಗಳಿಗೆ ಬಲು ಅಗ್ಗದ ದಾರಿ. ಅನ್ಯಾಯವನ್ನು ಕಾಯಿಲೆಯೆಂದು ಹೆಸರಿಸಿದರೆ ಮದ್ದು ನೊಂದವರು ಕುಡಿಯಬೇಕಾಗುತ್ತದೆ, ನೋಯಿಸಿದವರು ಕುಡಿಯುವುದಿಲ್ಲ. ಈ ಭಯ ನನಗೂ ಉಂಟು. ಆದರೆ ನ್ಯಾಯಾಲಯದ ಗಡಿಯಾರಕ್ಕೂ ಮಗುವಿನ ಗಡಿಯಾರಕ್ಕೂ ಹೊಂದಿಕೆಯಿಲ್ಲ. ಪಾಲಾರಿನ ಮೊಕದ್ದಮೆಯಲ್ಲಿ ಶಿಕ್ಷಿತರಾದ ನಾಲ್ವರ ಜೀವಾವಧಿ ಶಿಕ್ಷೆ 2004ರಲ್ಲಿ ಮರಣದಂಡನೆಯಾಗಿ, ಅದು 2014ರ ಜನವರಿಯಲ್ಲಿ ಮತ್ತೆ ಜೀವಾವಧಿಗೆ ಇಳಿಯುವ ಹೊತ್ತಿಗೆ, 1993ರಲ್ಲಿ ಹುಟ್ಟಿದ ಕೂಸಿಗೆ ಇಪ್ಪತ್ತು ತುಂಬಿತ್ತು. ನ್ಯಾಯಕ್ಕಾಗಿ ಕಾಯುವ ಮನೆಯಲ್ಲಿ ಸಾಕುವವರಿಗೆ ನೆರವು ಬೇಡವೆನ್ನುವುದು, ಮೊಕದ್ದಮೆ ಮುಗಿಯುವ ತನಕ ಮಗು ಬೆಳೆಯದೆ ಕಾದಿರಲಿ ಎಂದಂತೆಯೇ ಸರಿ. ಮೇಲಾಗಿ, ಸಾಕ್ಷಿ ಹೇಳಲು ನಿಂತ ಹೆಂಗಸಿನ ದನಿ ನಡುಗದೆ ಬರಬೇಕಾದರೂ ಆಕೆಗೊಬ್ಬರು ಆಸರೆ ಬೇಕು. ಒಂದು ಇನ್ನೊಂದಕ್ಕೆ ಬದಲಲ್ಲ.

2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ. ಕತೆ ಮುಗಿಯಿತೆಂದು ಪತ್ರಿಕೆಗಳು ಬರೆದವು, ಚಲನಚಿತ್ರಗಳೂ ಬಂದವು. ಆಗಿನ ಕೂಸುಗಳು ಈಗ ಮೂವತ್ತು ದಾಟಿ ತಾವೇ ತಂದೆತಾಯಿಗಳಾಗಿದ್ದಾರೆ. ತಾವು ಪಡೆಯದ ನಗೆಯನ್ನು ತಮ್ಮ ಮಕ್ಕಳಿಗೆ ಕೊಡುವ ವಿದ್ಯೆಯನ್ನು ಅವರಿಗೆ ಕಲಿಸಿದವರಾರು? ಅನೇಕರು ಕಲಿತುಕೊಂಡಿದ್ದಾರೆ, ಊರಿಗೆ ಊರೇ ರೋಗಿಗಳೆಂದು ಬಗೆಯುವುದು ಇನ್ನೊಂದು ಬಗೆಯ ಅಪಚಾರ. ಆದರೆ ದುಃಖ ಈ ಸೀಮೆಯನ್ನು ಒಮ್ಮೆ ಮುಟ್ಟಿ ಬಿಟ್ಟುಹೋಗಲಿಲ್ಲ. 2018ರ ಡಿಸೆಂಬರ್ 14ರಂದು ಮಾರ್ಟಳ್ಳಿಗೆ ಸಮೀಪದ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ, ಆಡಳಿತದ ಬಣಜಗಳದಿಂದ ವಿಷವಾದ ಪ್ರಸಾದವನ್ನು ತಿಂದು 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಆಗಲೂ ಅಷ್ಟೇ: ಆಂಬುಲೆನ್ಸುಗಳು ಓಡಿದವು, ಮೈಸೂರಿನ ಆಸ್ಪತ್ರೆಗಳ ಹಾಸಿಗೆಗಳು ತುಂಬಿದವು, ಪರಿಹಾರ ಘೋಷಣೆಯಾಯಿತು. ಮಡಿದವರ ಮಕ್ಕಳನ್ನು ಮಡಿಲಿಗೆ ಹಾಕಿಕೊಂಡವರ ಮನಸ್ಸಿಗೆ ಬೇಕಾದುದು ಹಾಸಿಗೆಗಳ ಎಣಿಕೆಯಲ್ಲಿ ಸೇರುವಂತಹುದಲ್ಲ.

ಹೊಸ ಇಲಾಖೆಯೊಂದನ್ನು ಕಟ್ಟಬೇಕೆಂದು ನಾನು ಹೇಳುವುದಿಲ್ಲ, ಕಟ್ಟಿದ ಇಲಾಖೆಗಳೇ ಸಾಕಷ್ಟಿವೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಕೊಳ್ಳೇಗಾಲಕ್ಕೆ ನೆರೆಯ ತಿರುಮಕೂಡಲು ನರಸೀಪುರದಲ್ಲಿ. ಹಳ್ಳಿಯ ಆರೋಗ್ಯ ಸಿಬ್ಬಂದಿಯೇ ಮನೋರೋಗವನ್ನು ಗುರುತಿಸಬಲ್ಲರೆಂದು ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ‘ಮನೋಚೈತನ್ಯ’ದ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು, 2022ರಲ್ಲಿ ‘ಟೆಲಿ ಮಾನಸ್’ನ 14416 ಎಂಬ ದೂರವಾಣಿಯೂ ಬಂದಿತು. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಹೇಳುತ್ತದೆ. ಇಷ್ಟೆಲ್ಲ ಇದ್ದೂ ನಡುವೆ ಒಂದು ಸೇತುವೆ ಬಿದ್ದುಹೋಗಿದೆ. ಅಂಗನವಾಡಿ ಮಗುವನ್ನು ತೂಗುತ್ತದೆ, ಮನೋವೈದ್ಯರು ತಾವಾಗಿ ಬಂದ ರೋಗಿಯನ್ನು ನೋಡುತ್ತಾರೆ. ತೂಕ ಇಳಿದ ಮಗುವಿನ ತಾಯಿಯನ್ನು ‘ನೀನು ಹೇಗಿದ್ದೀಯೆ?’ ಎಂದು ಕೇಳಿ, ಅಗತ್ಯವಿದ್ದರೆ ಮಂಗಳವಾರದ ಬಸ್ಸಿಗೆ ಜೊತೆಯಾಗಿ ಹತ್ತಿಸುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ಆ ಕೆಲಸವನ್ನು ಅಂಗನವಾಡಿಯ ಶಿಕ್ಷಕಿಗೋ ಆಶಾ ಕಾರ್ಯಕರ್ತೆಗೋ ಒಪ್ಪಿಸುವುದಾದರೆ ಅದಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು. ಆಕೆಯೂ ಅದೇ ಊರಿನ ಹೆಣ್ಣು, ಆಕೆಯ ಮನೆಯಲ್ಲಿಯೂ ಅದೇ ನೆನಪುಗಳಿದ್ದಾವು. ಮಾರ್ಟಳ್ಳಿಯಲ್ಲಿ ಆ ಪ್ರಶ್ನೆಯನ್ನು ತಮಿಳಿನಲ್ಲಿ ಕೇಳಬೇಕಾಗುತ್ತದೆ, ಪೋಡುಗಳಲ್ಲಿ ಸೋಲಿಗರ ನುಡಿಯಲ್ಲಿ. ಖಾಕಿ ಬಟ್ಟೆ ತೊಟ್ಟವರಾಗಲಿ, ಕಡತ ಹಿಡಿದು ಹೆಸರು ಬರೆದುಕೊಳ್ಳುವವರಾಗಲಿ ಕೇಳಿದರೆ ಉತ್ತರ ಬರುವುದಿಲ್ಲ. ಹಿಂದೆ ಹೆಸರು ಬರೆದುಕೊಂಡವರು ಏಕೆ ಬರೆದುಕೊಂಡರೆಂಬುದು ಅಲ್ಲಿನವರಿಗೆ ಮರೆತಿಲ್ಲ.